ಸಂದೇಶ ದಾಟಿಸಿದವರನ್ನು ಹುಡುಕಿಕೊಂಡು: ಲಂಡನ್ನಿನ 31ನೇ ಸಿಗ್ನಲ್ ರೆಜಿಮೆಂಟಿನ ಜಾಡಿನಲ್ಲಿ ಆರು ದಿನ

ಮಂಗಳವಾರ, ಅಕ್ಸ್‌ಬ್ರಿಜ್

ಮಗನ ಮನೆ ಅಕ್ಸ್‌ಬ್ರಿಜ್‌ನಲ್ಲಿದೆ. ಲಂಡನ್ನಿನ ಪಶ್ಚಿಮದ ಅಂಚು, ಮೆಟ್ರೋಪಾಲಿಟನ್ ರೈಲಿನ ಕೊನೆಯ ನಿಲ್ದಾಣ. ಮೂರು ತಿಂಗಳು ಇದ್ದು ಬರಲು ಹೋಗಿದ್ದೆ. ನವೆಂಬರ್ ಶುರುವಾಗಿತ್ತು. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತಿತ್ತು.

ಅವತ್ತು ರಾತ್ರಿ ಏಳರ ಸುಮಾರಿಗೆ ಮೊಮ್ಮಗಳನ್ನು ಈಜು ಕ್ಲಾಸಿನಿಂದ ಕರೆದುಕೊಂಡು ಬರುತ್ತಿದ್ದೆವು. ದಾರಿಯಲ್ಲಿ ಒಂದು ಗೇಟು. ಒಂದರ ಹಿಂದೆ ಒಂದು ಕಾರು ಒಳಗೆ ಹೋಗುತ್ತಿತ್ತು. ಇಳಿದವರೆಲ್ಲ ಆಫೀಸು ಮುಗಿಸಿ ಬಂದವರ ಹಾಗೆ ಕಾಣುತ್ತಿದ್ದರು. ಕೈಯಲ್ಲೊಂದು ದೊಡ್ಡ ಚೀಲ. ಒಬ್ಬಳು ಹುಡುಗಿ ಮೇಲೆ ಕೋಟು ಹಾಕಿದ್ದಳು, ಕಾಲಲ್ಲಿ ಮಾತ್ರ ಸೈನಿಕರ ಬೂಟು. ಗೇಟಿನ ಫಲಕದ ಮೇಲೆ ಒಂದು ಲಾಂಛನವಿತ್ತು. ಒಂಟಿ ಕಾಲಲ್ಲಿ ನಿಂತ, ಪಾದಕ್ಕೆ ರೆಕ್ಕೆ ಇರುವ ಮನುಷ್ಯ.

ನಾನು ಅಲ್ಲೇ ನಿಂತುಬಿಟ್ಟೆ. ಅವನು ಮರ್ಕ್ಯುರಿ. ರೋಮನ್ನರ ದೇವತೆಗಳ ದೂತ, ಸುದ್ದಿ ಹೊತ್ತು ಓಡುವವನು. ಹುಬ್ಬಳ್ಳಿಯ ತಂತಿ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕಳೆದವಳಿಗೆ ಅವನ ಗುರುತು ಸಿಗದೇ ಇರುತ್ತದೆಯೇ?

"ಅಮ್ಮ, ಅದು ಟೆರಿಟೋರಿಯಲ್ ಆರ್ಮಿ. ಈಗ ಆರ್ಮಿ ರಿಸರ್ವ್ ಅಂತಾರೆ" ಅಂದ ಮಗ. "ಹಗಲು ಎಲ್ಲರ ಹಾಗೆ ಕೆಲಸಕ್ಕೆ ಹೋಗ್ತಾರೆ. ವಾರಕ್ಕೊಂದು ಸಂಜೆ ಇಲ್ಲಿ ಬಂದು ತಾಲೀಮು ಮಾಡ್ತಾರೆ. ಇವರು ಸಿಗ್ನಲ್ಸ್‌ನವರು, ಸೇನೆಯ ಸುದ್ದಿ ದಾಟಿಸೋರು."

ಊಟ ಆದಮೇಲೆ ಅವನು ಲ್ಯಾಪ್‌ಟಾಪು ತೆಗೆದು ಕೂತ. ಈ ಊರಿನ ತುಕಡಿ 1967ರಿಂದ 31ನೇ (ಸಿಟಿ ಆಫ್ ಲಂಡನ್) ಸಿಗ್ನಲ್ ರೆಜಿಮೆಂಟಿನ ಭಾಗವಾಗಿತ್ತಂತೆ. ಆ ರೆಜಿಮೆಂಟು ಈಗಿಲ್ಲ. 2009ರಲ್ಲಿ ಸರ್ಕಾರ ಮೀಸಲು ಪಡೆಗಳ ಲೆಕ್ಕ ಹೊಸದಾಗಿ ಹಾಕಿತು. ಇಂಥ ಹಲವು ಸಿಗ್ನಲ್ ರೆಜಿಮೆಂಟುಗಳು ಬೇಡ ಅಂತ ತೀರ್ಮಾನವಾಯಿತು. 2010ಕ್ಕೆ 31ನೆಯದು ಮುಗಿಯಿತು. ಉಳಿದ ಜನ 71ನೇ ಯೋಮನ್ರಿ ಸಿಗ್ನಲ್ ರೆಜಿಮೆಂಟಿನ ಕೈಕೆಳಗೆ ಹೋದರು.

ನಮ್ಮ ತಂತಿ ಸೇವೆ ನಿಂತಿದ್ದು 2013ರ ಜುಲೈನಲ್ಲಿ. ಮೂರೇ ವರ್ಷದ ಅಂತರ.

ನಿದ್ದೆ ಬೇಗ ಬರಲಿಲ್ಲ. ಸುದ್ದಿ ದಾಟಿಸುವ ಕೆಲಸದ ಗುಣವೇ ಹಾಗೆ. ಸುದ್ದಿ ಉಳಿಯುತ್ತದೆ, ಕಳಿಸಿದವರ ಹೆಸರು ಉಳಿಯುತ್ತದೆ, ಪಡೆದವರ ಹೆಸರು ಉಳಿಯುತ್ತದೆ. ನಡುವೆ ಕೂತು ಅದನ್ನು ತಪ್ಪಿಲ್ಲದೆ ದಾಟಿಸಿದವರದ್ದು ಒಂದು ಅಕ್ಷರವೂ ಇರುವುದಿಲ್ಲ. ಹಗಲು ಬ್ಯಾಂಕಿನಲ್ಲೋ ಅಂಗಡಿಯಲ್ಲೋ ದುಡಿದು ಸಂಜೆ ಆ ಕೆಲಸಕ್ಕೆ ಬಂದವರು ಯಾರು? ಎಲ್ಲಿಂದ ಬಂದರು? ಈ ವಾರ ಅದನ್ನೇ ನೋಡೋಣ ಅನ್ನಿಸಿತು. ಮಗ ಗುರುವಾರ ರಜೆ ಹಾಕುತ್ತೇನೆ ಅಂದ.

ಬುಧವಾರ, ನೆಲದಡಿಯ ಕೋಣೆ

ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಬ್ಯಾಟಲ್ ಆಫ್ ಬ್ರಿಟನ್ ಬಂಕರ್ ಇದೆ. ಇದು ವಾಯುಪಡೆಯದ್ದು, ನಮ್ಮ ರೆಜಿಮೆಂಟಿನದ್ದಲ್ಲ. ಆದರೂ ಸೊಸೆ, "ಅತ್ತೆ, ಇಷ್ಟು ಹತ್ತಿರ ಇದೆ, ನೋಡದೇ ಹೋಗಬೇಡಿ" ಅಂದಳು. ಒಳ್ಳೆಯದೇ ಆಯಿತು.

76 ಮೆಟ್ಟಿಲು ಇಳಿಯಬೇಕು. ಮೊಣಕಾಲು ಹಿಡಿದುಕೊಂಡು ಇಳಿದೆ. ಕೆಳಗೆ ದೊಡ್ಡ ಮೇಜು, ಅದರ ಮೇಲೆ ಇಂಗ್ಲೆಂಡಿನ ಆಗ್ನೇಯ ಭಾಗದ ನಕ್ಷೆ. 1940ರಲ್ಲಿ ಜರ್ಮನ್ ವಿಮಾನಗಳು ಬಂದಾಗ ಹೆಣ್ಣುಮಕ್ಕಳು ಈ ಮೇಜಿನ ಸುತ್ತ ನಿಂತು ಕೋಲಿನಿಂದ ಗುರುತುಗಳನ್ನು ಸರಿಸುತ್ತಿದ್ದರು. ರೇಡಾರಿನವರು ಕಂಡಿದ್ದು, ಕಡಲ ದಂಡೆಯಲ್ಲಿ ನಿಂತವರು ಕಣ್ಣಾರೆ ನೋಡಿದ್ದು, ಎಲ್ಲವೂ ಇಲ್ಲಿಗೆ ಬರುತ್ತಿದ್ದುದು ಟೆಲಿಫೋನ್ ತಂತಿಯ ಮೇಲೆ. ಗೋಡೆಯ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಒಂದೊಂದು ಬಣ್ಣ: ಕೆಂಪು, ಹಳದಿ, ನೀಲಿ. ಮೇಜಿನ ಮೇಲಿನ ಗುರುತಿಗೂ ಅದೇ ಬಣ್ಣ. ಬಣ್ಣ ನೋಡಿದರೆ ಸುದ್ದಿ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ. ನಾವು ಪ್ರತಿ ತಂತಿಯ ಮೇಲೆ ಗಂಟೆ ನಿಮಿಷ ಬರೆಯುತ್ತಿದ್ದೆವಲ್ಲ, ಅದೇ ಲೆಕ್ಕ. ಹಳಸಿದ ಸುದ್ದಿಯನ್ನು ಹೊಸದು ಅಂತ ನಂಬಿದರೆ ಜೀವ ಹೋಗುತ್ತದೆ.

ಈ ಬಂಕರ್ ಇದ್ದ ವಾಯುಪಡೆ ನೆಲೆ ಮುಚ್ಚಿದ್ದೂ 2010ರಲ್ಲೇ. ಒಂದೇ ಊರಿನಲ್ಲಿ ಒಂದೇ ವರ್ಷ ಎರಡು.

ಗುರುವಾರ, ಬ್ಲಾಂಡ್‌ಫರ್ಡ್

ಬೆಳಿಗ್ಗೆ ಆರೂವರೆಗೆ ಹೊರಟೆವು. ಡಬ್ಬಿಗೆ ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರು ಹಾಕಿಕೊಂಡಿದ್ದೆ. ದಕ್ಷಿಣಕ್ಕೆ ಡಾರ್ಸೆಟ್ ಜಿಲ್ಲೆ, ಎರಡು ತಾಸಿಗೂ ಜಾಸ್ತಿ ದಾರಿ. ಸಾಲ್ಸ್‌ಬರಿ ದಾಟಿದ ಮೇಲೆ ರಸ್ತೆ ಬೋಳು ಗುಡ್ಡಗಳ ಮೇಲೆ ಹತ್ತಿ ಇಳಿಯುತ್ತದೆ. ಮಂಜು ಇನ್ನೂ ಹೊಲದಲ್ಲಿ ಮಲಗಿತ್ತು.

ಬ್ಲಾಂಡ್‌ಫರ್ಡ್ ಕ್ಯಾಂಪು ರಾಯಲ್ ಸಿಗ್ನಲ್ಸ್‌ನವರ ತವರು. 1967ರಿಂದ ಅವರ ತರಬೇತಿ ಶಾಲೆ ಇಲ್ಲಿದೆ. ಮ್ಯೂಸಿಯಂ ಇರುವುದು ಕ್ಯಾಂಪಿನ ಒಳಗೇ. ಹಾಗಾಗಿ ಗೇಟಿನಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ನನ್ನ ಪಾಸ್‌ಪೋರ್ಟು ನೋಡಿದ ಹುಡುಗ, "ಇಂಡಿಯಾದಿಂದ ಇದನ್ನು ನೋಡಲು ಬಂದಿರಾ?" ಅಂತ ಕೇಳಿದ. ಹೌದು, ನಾನು ಟೆಲಿಗ್ರಾಫಿಸ್ಟ್ ಆಗಿದ್ದೆ ಅಂದೆ. ಅವನು ನೆಟ್ಟಗೆ ನಿಂತು, "ಹಾಗಾದರೆ ನೀವು ನಮ್ಮವರೇ" ಅಂದ. ಆ ಮಾತು ಕೇಳಿ ಕಣ್ಣು ತುಂಬಿತು.

ರಾಯಲ್ ಸಿಗ್ನಲ್ಸ್ ಹುಟ್ಟಿದ್ದು 1920ರ ಜೂನ್ 28ರಂದು. ಅದಕ್ಕೂ ಮೊದಲು ಈ ಕೆಲಸ ಸೇನೆಯ ಎಂಜಿನಿಯರುಗಳದ್ದಾಗಿತ್ತು. ಲಾಂಛನದ ಮರ್ಕ್ಯುರಿಯನ್ನು ಇಲ್ಲಿ ಎಲ್ಲರೂ 'ಜಿಮ್ಮಿ' ಅನ್ನುತ್ತಾರೆ. ಅವರ ಧ್ಯೇಯವಾಕ್ಯದ ಅರ್ಥ 'ಬೇಗ ಮತ್ತು ಖಚಿತ'. ನಮ್ಮ ಮೇಲಧಿಕಾರಿಗಳೂ ದಿನಾ ಇದನ್ನೇ ಹೇಳುತ್ತಿದ್ದರು. ಬೇಗ ಕಳಿಸಿ, ಆದರೆ ತಪ್ಪು ಮಾಡಬೇಡಿ.

ಒಳಗೆ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ್ದು ಹೀಲಿಯೋಗ್ರಾಫ್. ಮೂರು ಕಾಲಿನ ಮೇಲೆ ಒಂದು ದುಂಡು ಕನ್ನಡಿ, ಹಿಂದೆ ಒಂದು ಕೀಲಿ. ಕೀಲಿ ಒತ್ತಿದರೆ ಕನ್ನಡಿ ಚೂರು ವಾಲುತ್ತದೆ, ದೂರದಲ್ಲಿರುವವನ ಕಣ್ಣಿಗೆ ಬೆಳಕು ಮಿಂಚುತ್ತದೆ. ಗಿಡ್ಡ ಮಿಂಚು, ಉದ್ದ ಮಿಂಚು, ಅಷ್ಟೇ, ಚುಕ್ಕಿ ಗೀಟಿನ ಮೋರ್ಸ್ ಸಂಕೇತ ಆಯಿತು. ಬಿಸಿಲು ಚೆನ್ನಾಗಿದ್ದರೆ ಹತ್ತಾರು ಮೈಲಿ ದಾಟುತ್ತದೆ. ಇದನ್ನು ಮಾಡಿದ ಹೆನ್ರಿ ಮಾನ್ಸ್ ಪರ್ಷಿಯನ್ ಕೊಲ್ಲಿಯ ತಂತಿ ಇಲಾಖೆಯಲ್ಲಿದ್ದವನು. ಅಂದರೆ ಅವನೂ ತಂತಿಯವನೇ.

ಪಕ್ಕದಲ್ಲಿ ಫುಲ್ಲರ್‌ಫೋನ್. ಇದರ ಕತೆ ಗೊತ್ತಿರಲಿಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಒಂದೇ ತಂತಿ ಎಳೆಯುತ್ತಿದ್ದರು. ವಿದ್ಯುತ್ತು ವಾಪಸ್ಸು ಹೋಗುವುದು ಮಣ್ಣಿನ ಮೂಲಕ. ನಮ್ಮ ಹಳೆಯ ಲೈನುಗಳೂ ಹಾಗೇ ಇದ್ದವು. ಆದರೆ ಆ ಹಸಿ ಮಣ್ಣಿನಲ್ಲಿ ಸೋರಿದ ವಿದ್ಯುತ್ತನ್ನು ಜರ್ಮನರು ಎದುರು ಕಂದಕದಲ್ಲಿ ಕೂತು ಕೇಳಿಸಿಕೊಂಡುಬಿಡುತ್ತಿದ್ದರು. ದಾಳಿಗೆ ಹೊರಡುವ ಮೊದಲೇ ಅವರಿಗೆ ಸುದ್ದಿ. 1915ರಲ್ಲಿ ಕ್ಯಾಪ್ಟನ್ ಫುಲ್ಲರ್ ಎಂಬವರು ತೀರಾ ಸಣ್ಣ, ಏರಿಳಿತವಿಲ್ಲದ ವಿದ್ಯುತ್ತಿನಲ್ಲಿ ಮೋರ್ಸ್ ಕಳಿಸುವ ಉಪಾಯ ಮಾಡಿದರು. ಕದ್ದು ಕೇಳುವವರಿಗೆ ಏನೂ ಸಿಗಲಿಲ್ಲ. ಒಂದು ಮರದ ಪೆಟ್ಟಿಗೆ ಎಷ್ಟು ಜನರ ಜೀವ ಉಳಿಸಿರಬಹುದು, ಅಲ್ವಾ?

ಮುಂದೆ ಎರಡನೇ ಮಹಾಯುದ್ಧದ 19ನೇ ನಂಬರಿನ ವೈರ್‌ಲೆಸ್ ಸೆಟ್. ಟ್ಯಾಂಕಿನೊಳಗೆ ಇಡುತ್ತಿದ್ದದ್ದು. ಕೆನಡಾದಲ್ಲಿ ತಯಾರಾದ ಹಲವು ಸೆಟ್ಟುಗಳ ಮೇಲೆ ಇಂಗ್ಲಿಷ್ ಜೊತೆ ರಷ್ಯನ್ ಅಕ್ಷರಗಳೂ ಇರುತ್ತವೆ. ರಷ್ಯಕ್ಕೂ ಹೋಗಬೇಕಿತ್ತಲ್ಲ, ಅದಕ್ಕೆ.

ಒಂದು ಮೇಜಿನ ಮೇಲೆ ಮಕ್ಕಳು ಒತ್ತಿ ನೋಡಲಿ ಅಂತ ಮೋರ್ಸ್ ಕೀಲಿ ಇಟ್ಟಿದ್ದರು. ಮಗ, "ಅಮ್ಮ, ಮಾಡು" ಅಂದ. ಕೂತೆ. ಬೆರಳಿಟ್ಟ ಕೂಡಲೇ ಮಣಿಕಟ್ಟು ತಾನಾಗಿ ಸಡಿಲವಾಯಿತು. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿ ಅಂತ ಊರುಗಳ ಹೆಸರು ಒಂದಾದ ಮೇಲೊಂದು ಕಳಿಸಿದೆ. ಕೈ ಏನೂ ಮರೆತಿರಲಿಲ್ಲ. ಆದರೆ ಯಂತ್ರ ತಿರುಗಿ ಒಂದು ಪದ ಕಳಿಸಿದಾಗ ನನಗೆ ಓದಲು ಆಗಲಿಲ್ಲ. ಯಾಕೆ ಅಂತ ಹೇಳುತ್ತೇನೆ. ನಾವು ಕಲಿತದ್ದು ಸೌಂಡರ್ ಮೇಲೆ. ಅದರಲ್ಲಿ ಸ್ವರ ಇರುವುದಿಲ್ಲ. ಲೋಹದ ಮೇಲೆ ಲೋಹ ಬಡಿಯುವ ಟಕ್, ಮತ್ತೆ ಬಿಡುವ ಟಕ್. ಎರಡು ಟಕ್‌ಗಳ ನಡುವಿನ ಬಿಡುವನ್ನು ಅಳೆದು ಅದು ಚುಕ್ಕಿಯೋ ಗೀಟೋ ಅಂತ ತಿಳಿಯಬೇಕು. ನಾವು ಕೇಳುತ್ತಿದ್ದದ್ದು ಮೌನವನ್ನು. ಸೈನ್ಯದವರದ್ದು ಬಜರ್. ಗಿಡ್ಡ ಪೀಂ, ಉದ್ದ ಪೀಂ. ಅವರು ಕೇಳುತ್ತಿದ್ದದ್ದು ಸ್ವರವನ್ನು. ಅಕ್ಷರಮಾಲೆ ಒಂದೇ, ಕಿವಿ ಬೇರೆ. ಈ ವ್ಯತ್ಯಾಸ ಬರೆದಿಡಬೇಕು. ಸೌಂಡರ್ ಕೇಳಿ ಕೈಬರಹದಲ್ಲಿ ತಂತಿ ಇಳಿಸಿಕೊಳ್ಳುತ್ತಿದ್ದವರು ಇನ್ನು ಎಷ್ಟು ಜನ ಇದ್ದಾರು?

ಕೊನೆಗೆ ನಾವು ಹುಡುಕಿಕೊಂಡು ಬಂದದ್ದು ಸಿಕ್ಕಿತು. ಮಿಡ್ಲ್‌ಸೆಕ್ಸ್ ಯೋಮನ್ರಿಯವರ ವಸ್ತುಗಳು. 31ನೇ ರೆಜಿಮೆಂಟಿನ ಅಕ್ಸ್‌ಬ್ರಿಜ್ ತುಕಡಿ ಇವರ ಕುಡಿ.

ಯೋಮನ್ರಿ ಅಂದರೆ ಸ್ವಂತ ಕುದುರೆ ಇದ್ದ ರೈತರು, ಜಮೀನ್ದಾರರು ಸೇರಿ ಕಟ್ಟಿಕೊಂಡ ಪಡೆ. ಫ್ರೆಂಚರು ದಂಡೆತ್ತಿ ಬರುತ್ತಾರೆ ಅನ್ನುವ ಭಯದಲ್ಲಿ 1797ರಲ್ಲಿ ಮಿಡ್ಲ್‌ಸೆಕ್ಸ್‌ನವರ ಪಡೆ ಅಕ್ಸ್‌ಬ್ರಿಜ್‌ನಲ್ಲಿ ಶುರುವಾಯಿತು. ಆಮೇಲೆ ನಿಂತಿತು, 1830ರಲ್ಲಿ ಮತ್ತೆ ಎದ್ದಿತು. ಮೊದಲ ಮಹಾಯುದ್ಧದಲ್ಲಿ ತುರ್ಕಿಯ ಗಲಿಪೊಲಿಗೆ ಹೋದರು, ಅಲ್ಲಿ ಕುದುರೆ ಇಲ್ಲದೆ ಕಾಲಾಳುಗಳಾಗಿ ಕಾದಿದರು. ನಂತರ ಪ್ಯಾಲೆಸ್ಟೈನ್. 1917ರ ಅಕ್ಟೋಬರ್ 27ರಂದು ಎಲ್ ಬುಕ್ಕಾರ್ ದಿಣ್ಣೆಯ ಮೇಲೆ ಇವರ ಮೇಜರ್ ಅಲೆಕ್ಸಾಂಡರ್ ಲಾಫೋನ್ ಒಂದಿಷ್ಟೇ ಜನರನ್ನಿಟ್ಟುಕೊಂಡು ಏಳು ತಾಸಿಗೂ ಹೆಚ್ಚು ಹೊತ್ತು ತುರ್ಕಿಯ ಕುದುರೆ ಪಡೆಯನ್ನು ತಡೆದರು. ಕೊನೆಗೆ ನಡೆಯಲು ಆಗುವವರನ್ನೆಲ್ಲ ಹಿಂದೆ ಕಳಿಸಿ, ತಾವು ಅಲ್ಲೇ ನಿಂತು ಸತ್ತರು. ಅವರಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್, ಅಂದರೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ಬಂತು.

1918ರ ಸೆಪ್ಟೆಂಬರಿಗೆ ಬಂದಾಗ ನಾನು ಮಗನ ತೋಳು ಹಿಡಿದೆ. ಆಗ ಮಿಡ್ಲ್‌ಸೆಕ್ಸ್ ಯೋಮನ್ರಿಯವರು 11ನೇ ಅಶ್ವದಳ ಬ್ರಿಗೇಡಿನಲ್ಲಿದ್ದರು. ಜೊತೆಗಿದ್ದ ಇನ್ನೆರಡು ರೆಜಿಮೆಂಟುಗಳು ನಮ್ಮ ದೇಶದವೇ: 29ನೇ ಲ್ಯಾನ್ಸರ್ಸ್, ಅಂದರೆ ಡೆಕ್ಕನ್ ಹಾರ್ಸ್, ಮತ್ತು 36ನೇ ಜೇಕಬ್ಸ್ ಹಾರ್ಸ್. ಜನರಲ್ ಶೋವೆಲ್ ಅವರ ಅದೇ ದೊಡ್ಡ ಅಶ್ವಸೇನೆಯ ಇನ್ನೊಂದು ಡಿವಿಜನ್ನಿನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಸೆಪ್ಟೆಂಬರ್ 23ರಂದು ಮೈಸೂರಿನವರು, ಜೋಧಪುರದವರು ಸೇರಿ ಹೈಫಾ ಗೆದ್ದರು. ಅದೇ ದಿನ ಇವರ ಬ್ರಿಗೇಡು ಒಳನಾಡಿನಲ್ಲಿ ಜೋರ್ಡನ್ ನದಿಯ ದಾಟುವೆಗಾಗಿ ಕಾದಾಡುತ್ತಿತ್ತು. ಅಕ್ಸ್‌ಬ್ರಿಜ್‌ನ ಹುಡುಗರು, ಮೈಸೂರಿನ ಹುಡುಗರು ಒಂದೇ ಸೇನಾಪತಿಯ ಹುಕುಮಿನ ಮೇಲೆ ಒಂದೇ ನೆಲದ ಧೂಳು ಕುಡಿದಿದ್ದರು.

ಯುದ್ಧ ಮುಗಿದ ಮೇಲೆ ಕುದುರೆಗೆ ಕೆಲಸ ಕಡಿಮೆಯಾಯಿತು. ಯೋಮನ್ರಿಗಳಲ್ಲಿ ಹಿರಿಯ 14 ರೆಜಿಮೆಂಟುಗಳಿಗೆ ಮಾತ್ರ ಕುದುರೆ ಉಳಿಸಿದರು. ಉಳಿದವರು ಬೇರೆ ಏನಾದರೂ ಕಲಿಯಬೇಕು. ಮಿಡ್ಲ್‌ಸೆಕ್ಸ್‌ನವರು 1920ರಲ್ಲಿ ಸಿಗ್ನಲ್ಸ್‌ಗೆ ಬಂದರು. ಕತ್ತಿ ಹಿಡಿದ ಕೈಗೆ ಮೋರ್ಸ್ ಕೀಲಿ. ಎಷ್ಟು ಜನಕ್ಕೆ ಬೇಜಾರಾಗಿರಬಹುದು! ಮೋರ್ಸ್ ತೆಗೆದು, ಟೈಪು ಮಾಡಿ ಸುದ್ದಿ ಕಳಿಸುವ ಟೆಲಿಪ್ರಿಂಟರ್ ತಂದಾಗ ನಮ್ಮ ಹಿರಿಯರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅದು ನೆನಪಾಯಿತು.

ಕಾರಿನಲ್ಲೇ ಕೂತು ಚಪಾತಿ ತಿಂದೆವು. ಬ್ಲಾಂಡ್‌ಫರ್ಡ್ ಪೇಟೆ ಚೆಂದ ಇದೆ. 1731ರಲ್ಲಿ ಊರಿಗೆ ಊರೇ ಸುಟ್ಟುಹೋಗಿ, ಎಲ್ಲ ಮತ್ತೆ ಕಟ್ಟಿದ್ದು. ಸುಮ್ನೆ ಒಂದು ಸುತ್ತು ಹಾಕಿ ವಾಪಸ್ಸು ಹೊರಟೆವು.

ಶುಕ್ರವಾರ, ಗಾಜಿನ ಮೇಲಿನ ಚಿತ್ರ

ರೆಜಿಮೆಂಟಿನ ಇನ್ನೊಂದು ಬೇರು ಕೆನ್ಸಿಂಗ್ಟನ್ಸ್. ಪೂರ್ತಿ ಹೆಸರು ಪ್ರಿನ್ಸೆಸ್ ಲೂಯಿಸ್ ಕೆನ್ಸಿಂಗ್ಟನ್ ರೆಜಿಮೆಂಟ್. ಲೂಯಿಸ್ ವಿಕ್ಟೋರಿಯಾ ರಾಣಿಯ ಮಗಳು, ಕೆನ್ಸಿಂಗ್ಟನ್ ಅರಮನೆಯಲ್ಲೇ ಇದ್ದವಳು. ಇವರು 1859ರ ಸ್ವಯಂಸೇವಕ ಬಂದೂಕು ಪಡೆಯಿಂದ ಬಂದವರು. ಪಶ್ಚಿಮ ಲಂಡನ್ನಿನ ಸಾಮಾನ್ಯ ಜನ.

ಇವರನ್ನು ನೋಡಬೇಕಾದರೆ ಲ್ಯಾಂಬೆತ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂಗೆ ಹೋಗಬೇಕು. ಅಲ್ಲಿ ಎರಿಕ್ ಕೆನ್ನಿಂಗ್ಟನ್ ಬರೆದ 'ದಿ ಕೆನ್ಸಿಂಗ್ಟನ್ಸ್ ಅಟ್ ಲವಾಂಟಿ' ಎಂಬ ಚಿತ್ರವಿದೆ. ಕೆನ್ನಿಂಗ್ಟನ್ ಇದೇ ಪಡೆಯಲ್ಲಿ ಸಿಪಾಯಿಯಾಗಿದ್ದವರು. 1915ರ ಶುರುವಿನಲ್ಲಿ ಕಾಲಿಗೆ ಗಾಯವಾಗಿ ಮನೆಗೆ ಬಂದ ಮೇಲೆ ಬರೆದರು. ಹಿಮ ಬಿದ್ದ ಫ್ರಾನ್ಸಿನ ಊರು. ಕಂದಕದಲ್ಲಿ ನಾಲ್ಕು ದಿನ ರಾತ್ರಿ ಕಳೆದು ಬಂದ ತಂಡ. ಒಬ್ಬ ನೆಲದ ಮೇಲೆ ಬಿದ್ದಿದ್ದಾನೆ, ಗಾಯವಲ್ಲ, ಸುಸ್ತು. ಯಾರೂ ಯಾರನ್ನೂ ನೋಡುತ್ತಿಲ್ಲ. ನೀಲಿ ಟೋಪಿ ಹಾಕಿಕೊಂಡು ಹಿಂದೆ ನಿಂತಿರುವವನು ಚಿತ್ರಕಾರನೇ.

ಚಿತ್ರ ಇರುವುದು ಗಾಜಿನ ಮೇಲೆ, ಅದೂ ಹಿಂಬದಿಯಿಂದ ಬರೆದದ್ದು. ಅಂದರೆ ನಮಗೆ ಮುಂದೆ ಕಾಣುವುದನ್ನು ಅವರು ಮೊದಲು ಬರೆಯಬೇಕು. ಗಡ್ಡದ ಕೂದಲು ಮೊದಲು, ಕೆನ್ನೆ ಆಮೇಲೆ, ಗೋಡೆ ಕೊನೆಗೆ. ತಪ್ಪಾದರೆ ಮೇಲೆ ಬಣ್ಣ ಹಚ್ಚಿ ಮುಚ್ಚುವಂತಿಲ್ಲ. ನಾನು ಅದರ ಮುಂದೆ ಅರ್ಧ ಗಂಟೆ ಕೂತೆ.

ಈ ಹುಡುಗರು 1915ರ ಮಾರ್ಚಿನಲ್ಲಿ ನವ್ ಶಾಪೆಲ್‌ನಲ್ಲಿದ್ದರು. ಪಕ್ಕದಲ್ಲೇ ಭಾರತೀಯ ಸೈನಿಕರು ಕಾದಿದರು. ಮೇ 9ರಂದು ಓಬರ್ಸ್ ದಿಣ್ಣೆಯ ಒಂದೇ ದಿನದ ದಾಳಿಯಲ್ಲಿ ನಾನೂರಕ್ಕೂ ಹೆಚ್ಚು ಕೆನ್ಸಿಂಗ್ಟನ್ಸ್ ಸತ್ತರು ಅಥವಾ ಗಾಯಗೊಂಡರು.

ಹೊರಗೆ ಬಂದು ಥೇಮ್ಸ್ ನದಿಯ ಕಡೆ ನಡೆದೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇದೆಯಲ್ಲ, 2015ರ ನವೆಂಬರಿನಲ್ಲಿ ನಿಲ್ಲಿಸಿದ್ದು. ನದಿಯ ಆಚೆ ಪಾರ್ಲಿಮೆಂಟು. ಯಾರೋ ಹೂವಿನ ಹಾರ ಹಾಕಿ ಹೋಗಿದ್ದರು, ಇನ್ನೂ ಬಾಡಿರಲಿಲ್ಲ. ಕೈ ಮುಗಿದು, ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿದೆ.

ಶನಿವಾರ, ರಿಚ್ಮಂಡ್

ಎರಡನೇ ಮಹಾಯುದ್ಧ ಮುಗಿದಾಗ ಕೆನ್ಸಿಂಗ್ಟನ್ಸ್ ಇನ್ನೂ ಸಿಗ್ನಲ್ಸ್‌ನವರಾಗಿರಲಿಲ್ಲ. ಮೆಷಿನ್ ಗನ್, ಮಾರ್ಟರ್ ನಡೆಸುತ್ತಿದ್ದರು. 1947ರಲ್ಲಿ ಅವರಿಗೆ ವಿಚಿತ್ರ ಹೆಸರೊಂದು ಬಂತು: ಆರ್ಮಿ ಫ್ಯಾಂಟಮ್ ಸಿಗ್ನಲ್ ರೆಜಿಮೆಂಟ್. ಫ್ಯಾಂಟಮ್ ಅಂದರೆ ಭೂತ. ಅದರ ಮೂಲ ಹುಡುಕಿಕೊಂಡು ಎಲ್ಲರೂ ರಿಚ್ಮಂಡ್ ಪಾರ್ಕಿಗೆ ಹೋದೆವು. ಮೊಮ್ಮಗಳಿಗೆ ಅಲ್ಲಿನ ಜಿಂಕೆ ನೋಡಬೇಕಿತ್ತು.

ಪಾರ್ಕಿನ ದಿಬ್ಬದ ಮೇಲೆ ಪೆಂಬ್ರೋಕ್ ಲಾಡ್ಜ್. ಈಗ ಅಲ್ಲಿ ಚಹಾ, ಕೇಕು, ಮದುವೆ. ಯುದ್ಧದ ಕಾಲದಲ್ಲಿ ಇಲ್ಲಿ ಫ್ಯಾಂಟಮ್ ಪಡೆ ಬೀಡುಬಿಟ್ಟಿತ್ತು. 1940ರಲ್ಲಿ ಬೆಲ್ಜಿಯಂನಲ್ಲಿ ಸೇನೆ ಹಿಂದೆ ಸರಿಯುವಾಗ ಯಾವ ತುಕಡಿ ಎಲ್ಲಿದೆ ಅಂತ ಹೆಡ್‌ಕ್ವಾರ್ಟರ್ಸಿಗೇ ಗೊತ್ತಾಗುತ್ತಿರಲಿಲ್ಲ. ಸುದ್ದಿ ಮೆಟ್ಟಿಲು ಹತ್ತಿ ಹತ್ತಿ ಮೇಲೆ ಬರುವಷ್ಟರಲ್ಲಿ ಹಳಸಿರುತ್ತಿತ್ತು. ಜಾರ್ಜ್ ಹಾಪ್ಕಿನ್ಸನ್ ಎಂಬ ಅಧಿಕಾರಿ ಇದಕ್ಕೊಂದು ದಾರಿ ಮಾಡಿದರು. ಒಬ್ಬ ಅಧಿಕಾರಿ, ಕೆಲವೇ ಜನ, ಒಂದು ವೈರ್‌ಲೆಸ್ ಸೆಟ್ಟು. ಕಾದಾಟ ನಡೆಯುವಲ್ಲಿಗೆ ಹೋಗಬೇಕು, ಕಂಡದ್ದನ್ನು ನೇರವಾಗಿ ಮೇಲಿನವರಿಗೆ ಕಳಿಸಬೇಕು. ನಡುವೆ ಯಾರ ಕೈಯೂ ಇಲ್ಲ. ತಮ್ಮ ಸೇನೆಯವರೇ ವೈರ್‌ಲೆಸ್ಸಿನಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡು, ಮುಂಚೂಣಿ ಎಲ್ಲಿದೆ ಅಂತ ತಿಳಿಸುವ ಕೆಲಸವನ್ನೂ ಆಮೇಲೆ ಇವರೇ ಮಾಡಿದರು.

ನಟ ಡೇವಿಡ್ ನಿವೆನ್ ಇಲ್ಲಿ ಒಂದು ಸ್ಕ್ವಾಡ್ರನ್ ನಡೆಸಿದ್ದರು. ತತ್ವಶಾಸ್ತ್ರದ ಮೈಕಲ್ ಓಕ್‌ಶಾಟ್ ಇದ್ದರು. 1944ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸಿನ ಆರ್ನೆಮ್‌ನಲ್ಲಿ ಪ್ಯಾರಾಚೂಟಿನಲ್ಲಿ ಇಳಿದ ಡಿವಿಜನ್ನಿನ ವೈರ್‌ಲೆಸ್ಸುಗಳು ಹೆಚ್ಚಿನವು ಕೈಕೊಟ್ಟಾಗ ಹೊರಗಿನವರ ಜೊತೆ ಸಂಪರ್ಕ ಹಿಡಿದಿಟ್ಟ ಕೆಲವೇ ದಾರಿಗಳಲ್ಲಿ ಫ್ಯಾಂಟಮ್‌ನ ಸಣ್ಣ ತಂಡವೂ ಒಂದು. ಹಾಪ್ಕಿನ್ಸನ್ ಅದನ್ನು ನೋಡಲು ಇರಲಿಲ್ಲ. 1943ರಲ್ಲಿ ಇಟಲಿಯಲ್ಲಿ ಸತ್ತಿದ್ದರು.

ಲಾಡ್ಜಿನ ಪಕ್ಕದ ಕಿಂಗ್ ಹೆನ್ರಿ ದಿಬ್ಬದ ಮೇಲೆ ದೂರದರ್ಶಕ ಇಟ್ಟಿದ್ದಾರೆ. ಗಿಡಗಳ ನಡುವೆ ಒಂದು ಕಿಂಡಿ. ಅದರಲ್ಲಿ ನೋಡಿದರೆ 16 ಕಿಲೋಮೀಟರ್ ದೂರದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ. ಈ ನೋಟಕ್ಕೆ ಅಡ್ಡ ಬರದ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ಗುರುವಾರ ನೋಡಿದ ಹೀಲಿಯೋಗ್ರಾಫ್ ಇಲ್ಲಿಟ್ಟರೆ ಅಲ್ಲಿಗೆ ಮಾತಾಡಬಹುದು. ಮೊಮ್ಮಗಳಿಗೆ ಹೇಳಿದೆ. ಅವಳು ಅಮ್ಮನ ಪರ್ಸಿನ ಸಣ್ಣ ಕನ್ನಡಿ ತಂದಳು. ಬಿಸಿಲು ಇರಲಿಲ್ಲ. ಆದರೂ ಅಜ್ಜಿ ಮೊಮ್ಮಗಳು ಇಬ್ಬರೂ ಸ್ವಲ್ಪ ಹೊತ್ತು ಕನ್ನಡಿ ಆಡಿಸಿದೆವು.

ಭಾನುವಾರ, ಎರಡು ನಿಮಿಷ

ನವೆಂಬರಿನ ಎರಡನೇ ಭಾನುವಾರ ಇಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಎಲ್ಲರ ಎದೆಯ ಮೇಲೆ ಕಾಗದದ ಕೆಂಪು ಗಸಗಸೆ ಹೂವು. ಅಕ್ಸ್‌ಬ್ರಿಜ್‌ನ ಸ್ಮಾರಕದ ಮುಂದೆ ಜನ ಸೇರಿದ್ದರು. ಮಂಗಳವಾರ ಬೂಟು ಹಾಕಿ ಹೋಗುತ್ತಿದ್ದ ಹುಡುಗಿಯ ಹಾಗೇ ಕಾಣುವ ಒಬ್ಬಳು ಈಗ ಪೂರ್ತಿ ಸಮವಸ್ತ್ರದಲ್ಲಿ ಸಾಲಿನಲ್ಲಿ ನಿಂತಿದ್ದಳು. 11 ಗಂಟೆಗೆ ಕಹಳೆ. ಆಮೇಲೆ ಎರಡು ನಿಮಿಷ ಮೌನ. ಸಣ್ಣ ಮಕ್ಕಳೂ ಸುಮ್ಮನಿದ್ದರು. ದೂರದಲ್ಲಿ ಒಂದು ಬಸ್ಸು ಎಂಜಿನ್ ಆರಿಸಿದ್ದು ಕೇಳಿಸಿತು.

ಮುಗಿದ ಮೇಲೆ ಗುಂಪಿನಲ್ಲಿ ಒಬ್ಬರು ಹಿರಿಯರು ಕಂಡರು. ಬೆರೆಟ್ ಟೋಪಿ, ಅದರ ಮೇಲೆ ಜಿಮ್ಮಿ. ಹೋಗಿ ಮಾತಾಡಿಸಿದೆ. ಅವರು 31ನೇ ರೆಜಿಮೆಂಟಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದ್ದವರು! ಹಗಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಅಂಚೆ ಮತ್ತು ಟೆಲಿಫೋನಿನವರು ಸಿಗ್ನಲ್ಸ್ ಮೀಸಲು ಪಡೆಗೆ ಸೇರುವುದು ಇಲ್ಲಿ ಹಳೆಯ ರೂಢಿಯಂತೆ. ಕೆಲಸ ಮೊದಲೇ ಗೊತ್ತಿರುತ್ತದಲ್ಲ.

ಪಕ್ಕದ ಕಾಫಿ ಅಂಗಡಿಗೆ ಹೋದೆವು. ಅವರು ಮೆಲ್ಲಗೆ, ಯೋಚಿಸಿ ಮಾತಾಡುವವರು.

"ವರ್ಷಕ್ಕೆ 27 ದಿನ ಕೊಡಬೇಕಿತ್ತು ಮೇಡಂ. ವಾರಕ್ಕೊಂದು ಸಂಜೆ, ಕೆಲವು ಶನಿವಾರ ಭಾನುವಾರ, ಬೇಸಿಗೆಯಲ್ಲಿ ಎರಡು ವಾರ ಕ್ಯಾಂಪು. ನನ್ನ ಹೆಂಡತಿ ಆ ಎರಡು ವಾರವನ್ನು ಎಂದೂ ಕ್ಷಮಿಸಲಿಲ್ಲ" ಅಂದರು. ವರ್ಷದ ಕೊನೆಗೆ ಕೈಗೆ ಬರುತ್ತಿದ್ದ ಬೌಂಟಿ, ಅಂದರೆ ಇನಾಮಿನ ಹಣದಲ್ಲಿ ಹೆಂಡತಿಗೇ ಏನಾದರೂ ಕೊಡಿಸುತ್ತಿದ್ದರಂತೆ. ಆಕೆ ತೀರಿಕೊಂಡು ನಾಲ್ಕು ವರ್ಷವಾಗಿದೆ.

ಶೀತಲ ಸಮರದ ಕಾಲದಲ್ಲಿ ಜರ್ಮನಿಗೆ ಅಭ್ಯಾಸಕ್ಕೆ ಹೋಗುತ್ತಿದ್ದರು. ರಾತ್ರಿ ಮಳೆಯಲ್ಲಿ ಹೊಲದ ನಡುವೆ ರೇಡಿಯೋ ಕಂಬ ಎತ್ತಬೇಕು, ಜನರೇಟರ್ ಹೂಡಬೇಕು, ಕೇಬಲ್ ಎಳೆಯಬೇಕು. ಬೆಳಗಾಗುವುದರೊಳಗೆ ಲೈನು ಜೀವಂತವಾಗಿರಬೇಕು. ಅದು ಆದ ಕೂಡಲೇ ಎಲ್ಲ ಬಿಚ್ಚಿ ಇನ್ನೊಂದು ಕಡೆ. "ನಾವು ಕಟ್ಟಿದ ಲೈನಿನ ಮೇಲೆ ಯಾರು ಏನು ಮಾತಾಡಿದರು ಅಂತ ನಮಗೆ ಗೊತ್ತೇ ಇರುತ್ತಿರಲಿಲ್ಲ. ಗೊತ್ತಾಗಬಾರದು ಕೂಡ."

ಆ ಸಮರ ಮುಗಿದ ಮೇಲೆ ಇಂಥ ರೆಜಿಮೆಂಟುಗಳ ದೊಡ್ಡ ಕೆಲಸ ದೇಶದ ಒಳಗಿನ ಸಂಪರ್ಕವಾಯಿತು. ನಾಡಿನ ಟೆಲಿಫೋನುಗಳು ಬಿದ್ದುಹೋದರೆ ಸರ್ಕಾರಕ್ಕೆ ಇನ್ನೊಂದು ದಾರಿ ಇರಲಿ ಅಂತ. ಆದರೆ ಖಾಸಗಿ ಜಾಲಗಳು ಗಟ್ಟಿಯಾಗುತ್ತ ಹೋದವು. 2009ರ ಲೆಕ್ಕದಲ್ಲಿ ಆ ಕೆಲಸಕ್ಕೆ ಇಷ್ಟು ರೆಜಿಮೆಂಟು ಬೇಡ ಅಂತ ಬಂತು. ನನಗೆ ಇದು ಸರಿ ಅನ್ನಿಸುವುದಿಲ್ಲ. ನೆರೆ ಬಂದಾಗ ಮೊದಲು ಸಾಯುವುದೇ ಮೊಬೈಲ್ ಟವರು. 2019ರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಹೊಳೆ ಉಕ್ಕಿದಾಗ ನೆಂಟರ ಸುದ್ದಿ ತಿಳಿಯದೆ ಒದ್ದಾಡಿದ್ದೇನೆ. ಕಂಬ ಎತ್ತಿ ಲೈನು ಕಟ್ಟಬಲ್ಲ ಜನ ಒಂದು ಊರಿನಲ್ಲಿ ಇರುವುದು ಆಸ್ತಿ. ಆ ಕೈಗಳನ್ನು ಒಮ್ಮೆ ಕಳಿಸಿಬಿಟ್ಟರೆ ಮತ್ತೆ ತಯಾರು ಮಾಡಲು ಒಂದು ತಲೆಮಾರು ಬೇಕು.

ಅವರಿಗೆ ಹಾಗೇ ಹೇಳಿದೆ. ಅವರು ತಲೆಯಾಡಿಸಿದರು.

"ನಿಮಗೆ ಮೋರ್ಸ್ ಬರುತ್ತಾ?" ಅಂತ ಕೇಳಿದೆ. ಕಲಿತಿದ್ದೆ, ಹೋಯಿತು ಅಂದರು. ಅವರ ಕಾಲಕ್ಕೆ ಜಾಸ್ತಿ ಟೆಲಿಪ್ರಿಂಟರು. ನಾನು ಮೇಜಿನ ಮೇಲಿನ ಪೇಪರ್ ಕರವಸ್ತ್ರ ಎಳೆದುಕೊಂಡು ಪೆನ್ನಿನಲ್ಲಿ ಚುಕ್ಕಿ ಹಾಕಿದೆ. ಎರಡನೆಯದು, ನಾಲ್ಕನೆಯದು. ಪಕ್ಕದ ಸಾಲಿನಲ್ಲಿ ಒಂದು, ಮೂರು, ಐದು. ಮತ್ತೆ ಎರಡು, ನಾಲ್ಕು.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಆರ್ ವೈ ಆರ್!" ಅಂತ ಅಂಗಡಿಗೆಲ್ಲ ಕೇಳುವ ಹಾಗೆ ಕೂಗಿದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೆಲಿಪ್ರಿಂಟರಿನ ಟೇಪಿನಲ್ಲಿ ಒಂದು ಅಕ್ಷರಕ್ಕೆ ಐದು ತೂತಿನ ಜಾಗ. 'ಆರ್' ಅಕ್ಷರಕ್ಕೆ ಎರಡನೆಯದೂ ನಾಲ್ಕನೆಯದೂ ತೂತು. 'ವೈ'ಗೆ ಸರಿಯಾಗಿ ಅದರ ಉಲ್ಟಾ. ಎರಡನ್ನೂ ಬಿಡದೆ ಕಳಿಸಿದರೆ ಯಂತ್ರದ ಪ್ರತಿಯೊಂದು ಬೆರಳೂ ಅಲುಗುತ್ತದೆ. ಲೈನು ಸರಿ ಇದೆಯೋ ಇಲ್ಲವೋ ತಿಳಿಯುತ್ತದೆ. ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ನಾನು ಬೆಂಗಳೂರಿಗೆ ಕಳಿಸುತ್ತಿದ್ದದ್ದು ಇದೇ. ನನ್ನ ಯಂತ್ರ ಮದರಾಸಿನ ಹಿಂದುಸ್ತಾನ್ ಟೆಲಿಪ್ರಿಂಟರ್ಸ್‌ನಲ್ಲಿ ತಯಾರಾದದ್ದು. ಅವರು ಕಳಿಸುತ್ತಿದ್ದದ್ದು ಜರ್ಮನಿಯ ಹೊಲದಲ್ಲಿ ನಿಂತ ಲಾರಿಯೊಳಗಿಂದ. ಸಾಲು ಒಂದೇ.

ಕರವಸ್ತ್ರವನ್ನು ಅವರು ಮಡಚಿ ಜೇಬಿನಲ್ಲಿಟ್ಟುಕೊಂಡರು. ನಂಬರು ಕೊಟ್ಟರು. "31 ಎಂಬ ನಂಬರನ್ನು ಆಮೇಲೆ ಒಂದು ಸ್ಕ್ವಾಡ್ರನ್ನಿಗೆ ಕೊಟ್ಟರು. ಒಳ್ಳೆಯದೇ. ಆದರೆ ಅದು ನನ್ನ ರೆಜಿಮೆಂಟಲ್ಲ" ಅಂದರು. ಆಮೇಲೆ ಬಹಳ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ.

ಬೆಂಗಳೂರು, ಜನವರಿ

ವಾಪಸ್ಸು ಬಂದಾಗ ಹುಬ್ಬಳ್ಳಿ ರೈಲಿಗೆ ರಾತ್ರಿಯವರೆಗೆ ಸಮಯವಿತ್ತು. ತಂಗಿಯ ಮಗನನ್ನು ಕರೆದುಕೊಂಡು ಜಯಚಾಮರಾಜೇಂದ್ರ ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋದೆ. ಸುತ್ತ ವಾಹನಗಳ ಗದ್ದಲ, ನಡುವೆ ಕಲ್ಲಿನ ಕಂಬ. ನೆರಳಲ್ಲಿ ಒಬ್ಬ ಎಳನೀರು ಮಾರುತ್ತಿದ್ದ. ಕಲ್ಲಿನ ಮೇಲೆ ಕೈಯಿಟ್ಟೆ, ಬಿಸಿಲಿಗೆ ಕಾದಿತ್ತು.

ಫೋಟೋ ತೆಗೆದು ಅಕ್ಸ್‌ಬ್ರಿಜ್‌ನ ಆ ನಂಬರಿಗೆ ಕಳಿಸಿದೆ. 1918ರಲ್ಲಿ ನಿಮ್ಮವರ ಜೊತೆ ಇದ್ದವರು ಇವರು ಅಂತ ಬರೆದೆ. ಅಲ್ಲಿ ಇನ್ನೂ ಬೆಳಿಗ್ಗೆ. ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಬಂತು.

ಆರ್ ವೈ ಆರ್ ವೈ ಆರ್ ವೈ.